ಇಲ್ಲಿ ಬಿ ಫಾರಂ ಕೊಡುವವರು ಯಾರೂ ಇಲ್ಲ

ಅಮೆರಿಕದ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬಂದು ಎರಡು ತಿಂಗಳಾಯಿತು, ಇಲ್ಲಿನ ರಾಜಕೀಯದ ತಲೆಬುಡ ತಿಳಿಯುತ್ತಿಲ್ಲ ಎಂದು ಬರೆದಿದ್ದೀರಿ. ಅಧ್ಯಕ್ಷರ ಮಸೂದೆಗೆ ಅವರದೇ ಪಕ್ಷದವರು ವಿರುದ್ಧವಾಗಿ ಮತ ಹಾಕಿದರೂ ಉಚ್ಚಾಟನೆ ಏಕಿಲ್ಲ ಎಂಬುದು ನಿಮ್ಮ ಪ್ರಶ್ನೆ. ಇಪ್ಪತ್ತೆರಡು ವರ್ಷದ ಹಿಂದೆ ನಾನೂ ಇದನ್ನೇ ಕೇಳಿದ್ದೆ. ಹಾಸನದಲ್ಲಿ ಬೆಳೆದವನಿಗೆ ಪಕ್ಷವೆಂದರೆ ಹೈಕಮಾಂಡ್, ಟಿಕೆಟ್ ಎಂದರೆ ಬಿ ಫಾರಂ.

ಇಲ್ಲಿ ಬಿ ಫಾರಂ ಇಲ್ಲ. ಅಭ್ಯರ್ಥಿಯನ್ನು ಪ್ರೈಮರಿ ಎಂಬ ಮೊದಲ ಸುತ್ತಿನ ಚುನಾವಣೆಯಲ್ಲಿ ಮತದಾರರೇ ಆರಿಸುತ್ತಾರೆ. 2014ರಲ್ಲಿ ಎರಿಕ್ ಕ್ಯಾಂಟರ್, ಸಂಸತ್ತಿನ ಕೆಳಮನೆಯಾದ ಹೌಸ್‌ನಲ್ಲಿ ಬಹುಮತದ ಪಕ್ಷದ ನಾಯಕ, ವರ್ಜೀನಿಯಾದ ಪ್ರೈಮರಿಯಲ್ಲಿ ಸ್ವಪಕ್ಷದ ಕಾಲೇಜು ಮೇಷ್ಟರೊಬ್ಬರ ಎದುರು ಸೋತು ಮನೆಗೆ ಹೋದರು. ಕ್ಯಾಲಿಫೋರ್ನಿಯಾದ್ದು ಇನ್ನೂ ವಿಚಿತ್ರ. ಎಲ್ಲ ಪಕ್ಷದವರೂ ಒಂದೇ ಪಟ್ಟಿಯಲ್ಲಿರುತ್ತಾರೆ, ಮೊದಲ ಇಬ್ಬರು ನವೆಂಬರ್‌ನ ಅಂತಿಮ ಚುನಾವಣೆಗೆ ಹೋಗುತ್ತಾರೆ. 2016ರಲ್ಲಿ ನಮ್ಮದೇ ಕ್ಷೇತ್ರದಲ್ಲಿ ಮೈಕ್ ಹೋಂಡಾ ಮತ್ತು ರೋ ಖನ್ನಾ, ಇಬ್ಬರೂ ಡೆಮಾಕ್ರಾಟರು, ಪರಸ್ಪರ ಸೆಣಸಿದರು. ಖನ್ನಾ ಗೆದ್ದರು.

ಟಿಕೆಟ್ ಕೊಡದ ಪಕ್ಷಕ್ಕೆ ಕಿತ್ತುಕೊಳ್ಳುವ ಅಧಿಕಾರ ಎಲ್ಲಿಂದ ಬರಬೇಕು? ಪಕ್ಷಾಂತರ ನಿಷೇಧ ಕಾಯ್ದೆಯೂ ಇಲ್ಲ. 2017ರ ಜುಲೈನ ಒಂದು ನಡುರಾತ್ರಿ, ಒಬಾಮಾ ಕಾಲದ ಆರೋಗ್ಯ ಕಾಯ್ದೆಯನ್ನು ಭಾಗಶಃ ರದ್ದುಪಡಿಸುವ ಮಸೂದೆ ಮೇಲ್ಮನೆಯಾದ ಸೆನೆಟ್‌ನಲ್ಲಿತ್ತು. ಅಧ್ಯಕ್ಷ ಟ್ರಂಪ್ ಅವರದೇ ರಿಪಬ್ಲಿಕನ್ ಪಕ್ಷದ ಜಾನ್ ಮೆಕೇನ್ ಮುಂದೆ ಬಂದು ಹೆಬ್ಬೆರಳನ್ನು ಕೆಳಗೆ ತೋರಿಸಿದರು. 49–51, ಮಸೂದೆ ಬಿತ್ತು. ಅವರಿಗೆ ನೋಟಿಸೂ ಬರಲಿಲ್ಲ. ಇಂದು ಅಧ್ಯಕ್ಷರ ಮಾತಿಗೆ ಹೆದರುವವರೂ ಬೇಕಾದಷ್ಟಿದ್ದಾರೆ. ಆದರೆ ಆ ಹೆದರಿಕೆ ಮುಂದಿನ ಪ್ರೈಮರಿಯದು.

2023ರ ಜನವರಿಯಲ್ಲಿ ರಿಪಬ್ಲಿಕನ್ ಕೆವಿನ್ ಮೆಕಾರ್ಥಿ ಹೌಸ್‌ನ ಸ್ಪೀಕರ್ ಆಗಲು ಹದಿನೈದು ಸುತ್ತು ಮತದಾನ ಬೇಕಾಯಿತು. ಯಾರನ್ನೂ ಬಸ್ಸಿಗೆ ತುಂಬಿ ರೆಸಾರ್ಟಿಗೆ ಒಯ್ಯಲಿಲ್ಲ ಎಂದು ನನಗೆ ಸ್ವಲ್ಪ ನಿರಾಸೆಯೇ ಆಯಿತು. ಅಕ್ಟೋಬರಿನಲ್ಲಿ ಅವರದೇ ಪಕ್ಷದ ಎಂಟು ಮಂದಿ ಡೆಮಾಕ್ರಾಟರ ಜೊತೆ ಸೇರಿ ಅವರನ್ನು ಇಳಿಸಿದರು. ಹೌಸ್‌ನಲ್ಲಿ ಹೀಗೆ ಏನೇ ಕುಸಿದರೂ ಅಧ್ಯಕ್ಷರ ಕುರ್ಚಿ ಅಲ್ಲಾಡುವುದಿಲ್ಲ, ಏಕೆಂದರೆ ಅವರು ಸಂಸತ್ತಿನ ಸದಸ್ಯರೇ ಅಲ್ಲ.

ಸಂಖ್ಯೆಗಳು ಇಷ್ಟು: ಹೌಸ್‌ನಲ್ಲಿ 435 ಸದಸ್ಯರು, ಎರಡೆರಡು ವರ್ಷಕ್ಕೆ ಚುನಾವಣೆ. ಸೆನೆಟ್‌ನಲ್ಲಿ ನೂರು, ರಾಜ್ಯಕ್ಕೆ ಇಬ್ಬರು, ಆರು ವರ್ಷದ ಅವಧಿ. ಸುಮಾರು ನಾಲ್ಕು ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ ಆರು ಲಕ್ಷವೂ ಮುಟ್ಟದ ವಯೋಮಿಂಗ್‌ಗೂ ಇಬ್ಬಿಬ್ಬರೇ. ಅಧ್ಯಕ್ಷರಾಗಲು, ರಾಜ್ಯಗಳಿಗೆ ಹಂಚಿದ 538 ಎಲೆಕ್ಟರ್‌ಗಳ (ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳ) ಪೈಕಿ 270 ಬೇಕು. ಕ್ಯಾಲಿಫೋರ್ನಿಯಾದ 54 ಪೂರ್ತಿ ಒಬ್ಬರಿಗೇ ಹೋಗುವುದರಿಂದ ಇಲ್ಲಿ ನನ್ನ ಮತ ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದ ಹಾಗೆ.

ಆದರೂ ಹಾಕುತ್ತೇನೆ. ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ಊಟದ ಮೇಜಿನ ಮೇಲೆ ಹರಡಿಕೊಂಡು, ಶಾಲಾ ಮಂಡಳಿ, ನ್ಯಾಯಾಧೀಶರು, ತೆರಿಗೆ ಪ್ರಸ್ತಾಪಗಳೆಂದು ಒಂದೊಂದೇ ವೃತ್ತ ತುಂಬುತ್ತಾ ಹೋದರೆ ಎರಡು ಲೋಟ ಕಾಫಿ ಖಾಲಿಯಾಗುತ್ತದೆ. ಲಕೋಟೆಯ ಮೇಲೆ ಸಹಿ ಮರೆಯಬಾರದು. ಬೆರಳಿಗೆ ಶಾಯಿಯ ಬದಲು ಒಂದು ಸ್ಟಿಕರ್.

ನಿಮಗೆ ಒಂದು ಎಚ್ಚರಿಕೆ. ವಾಹನ ಪರವಾನಗಿಯ ಅರ್ಜಿಯಲ್ಲಿ ಮತದಾರರ ನೋಂದಣಿಯ ಪ್ರಶ್ನೆಯೂ ಬರುತ್ತದೆ. ಅವಸರದಲ್ಲಿ ನಾಗರಿಕನೆಂದು ಗುರುತು ಹಾಕಿದರೆ ಮುಂದೆ ಗ್ರೀನ್ ಕಾರ್ಡ್‌ಗೇ, ಅಂದರೆ ಕಾಯಂ ವಾಸದ ಪರವಾನಗಿಗೇ, ಕುತ್ತು. ಗ್ರೀನ್ ಕಾರ್ಡ್ ಬರುವವರೆಗೆ ಅಭ್ಯರ್ಥಿಗಳಿಗೆ ದೇಣಿಗೆಯನ್ನೂ ಕೊಡುವಂತಿಲ್ಲ.

ಹಾಗೆಂದು ಪ್ರತಿನಿಧಿ ನಿಮಗೆ ಸಂಬಂಧವಿಲ್ಲದವರಲ್ಲ. ನಿಮ್ಮ ಹೆಂಡತಿಯ ವೀಸಾ ಕಡತ ಎಲ್ಲೋ ಸಿಕ್ಕಿಕೊಂಡಿದೆ ಎಂದಿದ್ದೀರಲ್ಲ, ನಮ್ಮ ಕ್ಷೇತ್ರದ ಸದಸ್ಯರ ಕಚೇರಿಗೆ ಬರೆಯಿರಿ. ಮತವಿಲ್ಲದ ನಿವಾಸಿಗಳ ಪರವಾಗಿಯೂ ಅವರು ಇಲಾಖೆಯನ್ನು ವಿಚಾರಿಸುತ್ತಾರೆ. ಮೊದಲು ಸಹಿ ಮಾಡಿದ ಒಪ್ಪಿಗೆ ಪತ್ರ ಕೇಳುತ್ತಾರೆ; ಅದನ್ನು ಈ ವಾರವೇ ಕಳಿಸಿಬಿಡಿ.