ಒಂದೇ ಅರ್ಥದ ಇಂಗ್ಲಿಷ್ ಪದಗಳ ವ್ಯತ್ಯಾಸ ಕಲಿಯೋಕೆ ಯಾವ ಪಟ್ಟಿ ಓದಬೇಕು?

ಕನ್ನಡ ಮಾಧ್ಯಮದಲ್ಲಿ ಓದಿ, ಡಿಪ್ಲೊಮಾ ಮುಗಿಸಿ, ಬೆಳಗಾವಿಯಲ್ಲಿ ಲೋಹದ ಎರಕ ಹೊಯ್ಯುವ ಫೌಂಡ್ರಿಯೊಂದರ ಕ್ವಾಲಿಟಿ ವಿಭಾಗಕ್ಕೆ ಈಗಷ್ಟೇ ಸೇರಿದ್ದೀರಿ. ಹೊರದೇಶದ ಗ್ರಾಹಕರಿಗೆ ಮೇಲ್ ಬರೆಯುವಾಗ ಯಾವ ಪದ ಹಾಕಬೇಕು ಅಂತ ಗೊಂದಲ ಆಗುತ್ತದೆ, ಸಮಾನಾರ್ಥಕ ಪದಗಳ ಒಳ್ಳೆಯ ಪಟ್ಟಿ ಇದ್ದರೆ ಹೇಳಿ ಅಂತ ಕೇಳಿದ್ದೀರಿ. ಪಟ್ಟಿ ಬೇಡ. ನನ್ನ ಹತ್ತಿರ ಅಂಥದ್ದೇ ಒಂದು ಪಟ್ಟಿ ಇತ್ತು, ಅದು ನನಗೆ ಬಾಯಿಪಾಠವೂ ಆಗಿತ್ತು. ಅದರಲ್ಲಿ ರಿಪೇರ್, ರಿವರ್ಕ್, ಫಿಕ್ಸ್, ಮೆಂಡ್, ಕರೆಕ್ಟ್ ಎಲ್ಲವೂ ಒಂದೇ ಸಾಲಿನಲ್ಲಿದ್ದವು. ಎದುರಿಗೆ ಒಂದೇ ಅರ್ಥ: ಸರಿಪಡಿಸು. ಆ ಸಾಲಿನಿಂದಲೇ ನಮ್ಮ ಒಂದು ಆರ್ಡರಿನ ಲಾಭವೆಲ್ಲ ಹೋಯಿತು.

ನಾನು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನ ಒಂದು ಫೌಂಡ್ರಿಯಲ್ಲಿ ಕೆಲಸಕ್ಕಿದ್ದೆ. ಪಂಪಿನ ಹೌಸಿಂಗ್, ಅಂದರೆ ಹೊರಕವಚ, ಮಾಡುತ್ತಿದ್ದೆವು, ಗ್ರೇ ಐರನ್ ಕಾಸ್ಟಿಂಗ್. ಹಿಂದಿನ ಲಾಟಿನ ಕೆಲವು ಪೀಸುಗಳಲ್ಲಿ ಒಳಗಿನ ಪೋರ್ಟಿನ ಅಂಚಿಗೆ ತೆಳುವಾದ ಲೋಹದ ಪದರ ಉಳಿದಿದೆ, ಮುಂದಿನ ಲಾಟ್ ನೋಡಿ ಕಳಿಸಿ ಅಂತ ಗ್ರಾಹಕರು ಬರೆದರು. ಒಳಗಿನ ಟೊಳ್ಳಿಗಾಗಿ ಅಚ್ಚಿನಲ್ಲಿಡುವ ಕೋರ್ ಕೂರುವ ಜಾಗದಲ್ಲಿ ಸಂದು ಬಿಟ್ಟರೆ ಅಲ್ಲಿ ಲೋಹ ನುಗ್ಗಿ ಹೀಗೆ ಫಿನ್ ಆಗುತ್ತದೆ, ನಿಮಗೆ ಗೊತ್ತೇ ಇದೆ. ನಾವು ಇಡೀ ಲಾಟನ್ನು, ಎರಕದ ಹೆಚ್ಚುವರಿ ಲೋಹ ತೆಗೆದು ಅಂಚು ಸರಿ ಮಾಡುವ ಫೆಟ್ಲಿಂಗ್‌ಗೆ ವಾಪಸ್ ಹಾಕಿದೆವು. ಹುಡುಗರು ಗ್ರೈಂಡರ್‌ನಿಂದ ಫಿನ್ ತೆಗೆದರು. ಗೇಜ್ ಹಾಕಿ ನೋಡಿದೆವು. ಪ್ರತಿ ಪೀಸೂ ಡ್ರಾಯಿಂಗಿಗೆ ಸರಿಯಾಗಿತ್ತು. ಲಾಟ್ ಹಡಗು ಹತ್ತಿತು. ಅದು ಅಲ್ಲಿ ಮುಟ್ಟುವ ಹೊತ್ತಿಗೆ ನಾನು ಮೇಲ್ ಬರೆದೆ: ‘ಆಲ್ ಪೀಸಸ್ ಹ್ಯಾವ್ ಬೀನ್ ರಿಪೇರ್ಡ್.’

ಅವರು ಲಾಟನ್ನು ಗೋದಾಮಿನಲ್ಲೇ ತಡೆಹಿಡಿದರು. ಏನು ರಿಪೇರಿ ಮಾಡಿದಿರಿ, ಯಾವ ವಿಧಾನ, ಯಾರ ಒಪ್ಪಿಗೆ ಪಡೆದಿರಿ ಅಂತ ಕೇಳಿದರು. ನನಗೆ ಇದು ಅರ್ಥವೇ ಆಗಲಿಲ್ಲ. ಅವರನ್ನು ಸಮಾಧಾನ ಮಾಡೋಣ ಅಂತ ‘ಓನ್ಲಿ ಮೈನರ್ ರಿಪೇರ್’ ಅಂತ ಉತ್ತರ ಕೊಟ್ಟೆ. ರಿಪೇರಿ ಆಗಿದ್ದು ನಿಜ ಅಂತ ಅವರಿಗೆ ಅದರಿಂದ ಇನ್ನೂ ಗಟ್ಟಿಯಾಯಿತು. ಪಂಪಿನ ಹೌಸಿಂಗ್ ಅಂದರೆ ಒತ್ತಡ ತಡೆಯಬೇಕಾದ ಭಾಗ. ಬರವಣಿಗೆಯಲ್ಲಿ ಅನುಮತಿ ಇಲ್ಲದೆ ವೆಲ್ಡ್ ಹಾಕಿ ತೂತು ಮುಚ್ಚಬಾರದು ಅಂತ ಖರೀದಿ ಒಪ್ಪಂದದಲ್ಲೇ ಇತ್ತು. ನಾವು ಅದನ್ನೇ ಮಾಡಿದ್ದೇವೆ ಅಂತ ಅವರು ಅಂದುಕೊಂಡರು. ಮೇಲ್ ಓದಿ ಹೇಳಿದಾಗ ಫೆಟ್ಲಿಂಗ್ ಸೂಪರ್‌ವೈಸರ್ ನನ್ನ ಮುಖ ನೋಡಿ, “ಸರ್, ವೆಲ್ಡಿಂಗ್ ಎಲ್ಲಿ ಮಾಡೇವ್ರಿ ನಾವು?” ಅಂದರು.

ಈಗ ರಿವರ್ಕ್, ರಿಪೇರ್ ಅನ್ನುವ ಎರಡು ಪದಗಳನ್ನು ಬಿಡಿಸಿ ಹೇಳುತ್ತೇನೆ. ಇದನ್ನು ಯಾರಾದರೂ ನನಗೆ ಕೂರಿಸಿ ಹೇಳಬೇಕಿತ್ತು. ಐಎಸ್‌ಒ 9000 ಅನ್ನುವ, ಕ್ವಾಲಿಟಿ ಪದಗಳ ಅರ್ಥ ಹೇಳುವ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡಿನ 2015ರ ಆವೃತ್ತಿಯಲ್ಲಿ ಇವು ಒಂದರ ಹಿಂದೆ ಒಂದು ಬರುತ್ತವೆ, 3.12.8 ಮತ್ತು 3.12.9. ರಿವರ್ಕ್ ಅಂದರೆ, ತಪ್ಪಿದ ಪೀಸಿನ ಮೇಲೆ ಕೆಲಸ ಮಾಡಿ ಅದನ್ನು ಡ್ರಾಯಿಂಗ್ ಕೇಳಿದ ಹಾಗೆಯೇ ಮಾಡುವುದು. ಕೆಲಸ ಮುಗಿದ ಮೇಲೆ ಅದು ಒಳ್ಳೆಯ ಪೀಸ್. ರಿಪೇರ್ ಅಂದರೆ, ಆ ಪೀಸನ್ನು ಉಪಯೋಗಕ್ಕೆ ಬರುವ ಹಾಗೆ ಮಾಡುವುದು. ಅದು ಕೆಲಸ ಮಾಡುತ್ತದೆ, ಆದರೆ ಡ್ರಾಯಿಂಗಿಗೆ ಸರಿಹೊಂದುತ್ತದೆ ಅಂತ ಹೇಳೋಕೆ ಆಗಲ್ಲ. ಅದಕ್ಕೇ ರಿಪೇರಿ ಜೊತೆಗೆ ಗ್ರಾಹಕರ ಒಪ್ಪಿಗೆ, ಅಂದರೆ ಕನ್ಸೆಷನ್, ಬೇಕಾಗಬಹುದು ಅಂತ ಅಲ್ಲೇ ಟಿಪ್ಪಣಿ ಇದೆ. ಯಾವ ಉಪಕರಣ ಹಿಡಿದಿರಿ, ಎಷ್ಟು ಕೆಲಸ ಮಾಡಿದಿರಿ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಕೊನೆಗೆ ಪೀಸ್ ಡ್ರಾಯಿಂಗಿಗೆ ಬಂತೋ ಇಲ್ಲವೋ, ಅಷ್ಟೇ. ನಮ್ಮ ಪೀಸ್ ಪೂರ್ತಿ ಬಂದಿತ್ತು. ಹಾಗಾಗಿ ಅದು ರಿವರ್ಕ್. ನಾನು ಬರೆದ ಪದಕ್ಕೆ ‘ಪೀಸ್ ಸರಿ ಇಲ್ಲ, ಆದರೂ ನಡೆಯುತ್ತದೆ, ನಿಮ್ಮನ್ನು ಕೇಳದೆಯೇ ಕಳಿಸಿದ್ದೇವೆ’ ಅನ್ನುವ ಅರ್ಥ ಬಂತು.

ನಾನು ಆ ಪದವನ್ನೇ ಯಾಕೆ ಬರೆದೆ? ಅದು ನನಗೆ ಇಂಗ್ಲಿಷ್ ಪದ ಅಂತ ಅನ್ನಿಸಲೇ ಇಲ್ಲ. ರಿಪೇರಿ ಕನ್ನಡದ ಮಾತೇ ಆಗಿಬಿಟ್ಟಿದೆ ಅಲ್ವಾ? ಬೈಕ್ ರಿಪೇರಿ, ಮಿಕ್ಸರ್ ರಿಪೇರಿ, ರಸ್ತೆ ರಿಪೇರಿ. ಕೆಟ್ಟದ್ದನ್ನು ಸರಿ ಮಾಡಿದರೆ ಎಲ್ಲವೂ ರಿಪೇರಿ. ಬೈಕಿನ ವಿಷಯದಲ್ಲಿ ಇಂಗ್ಲಿಷಿಗೂ ಅದು ಸರಿಯೇ. ಸರಿ ಇದ್ದ ವಸ್ತು ಬಳಸಿ ಬಳಸಿ ಕೆಟ್ಟಾಗ ಮತ್ತೆ ನಡೆಸುವುದೂ ರಿಪೇರ್ ಅಂತಲೇ ಐಎಸ್‌ಒ ಹೇಳುತ್ತದೆ. ಹಾಗಾಗಿ ಊರಲ್ಲಿ ಎಷ್ಟು ವರ್ಷ ಬಳಸಿದರೂ ಆ ಪದ ತೊಂದರೆ ಕೊಡಲಿಲ್ಲ. ಹೊಸ ಪೀಸಿನ ವಿಷಯಕ್ಕೆ ಬಂದಾಗ ಮಾತ್ರ ಕೈಕೊಟ್ಟಿತು.

ಕೊನೆಗೆ ಗ್ರಾಹಕರ ಕಡೆಯಿಂದ ಹೊರಗಿನ ತಪಾಸಣೆಯವರು ಬಂದು ಪೀಸುಗಳನ್ನು ಪ್ರೆಶರ್ ಟೆಸ್ಟ್ ಮಾಡಿದರು, ಎಕ್ಸ್‌ರೇ ತೆಗೆದರು. ಎಲ್ಲೂ ವೆಲ್ಡ್ ಸಿಗಲಿಲ್ಲ. ಆದರೆ ಆ ಖರ್ಚು ನಮ್ಮದು. ಅಷ್ಟರಲ್ಲಿ ಅವರ ಲೈನ್ ನಿಲ್ಲಬಾರದು ಅಂತ ಹೊಸ ಪೀಸುಗಳನ್ನು ವಿಮಾನದಲ್ಲಿ ಕಳಿಸಿದೆವು. ಎರಕದ ಕಬ್ಬಿಣವನ್ನು ವಿಮಾನದಲ್ಲಿ ಕಳಿಸಿದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ ನೋಡಿ. ಮಾಲೀಕರು ನನಗೆ ಒಂದು ಮಾತೂ ಅನ್ನಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಹಾಗಾಗಿ ನೀವು ಕೇಳಿದ್ದಕ್ಕೆ ನನ್ನ ಉತ್ತರ ಬೇರೆ ಇದೆ. ಗೊತ್ತಿಲ್ಲದ ಪದಗಳಿಗೆ ಹೆದರಬೇಡಿ, ಅವು ಎದುರಾದರೆ ಹೇಗೂ ನಿಘಂಟು ತೆರೆದು ನೋಡುತ್ತೀರಿ. ಕನ್ನಡದಲ್ಲಿ ದಿನಾ ಆಡುವ ಇಂಗ್ಲಿಷ್ ಪದಗಳ ಮೇಲೆ ಕಣ್ಣಿಡಿ. ಉದಾಹರಣೆಗೆ ಡೌಟ್. ನಮಗೆ ಏನಾದರೂ ಕೇಳುವುದಿದ್ದರೆ ‘ಒಂದು ಡೌಟ್ ಇದೆ’ ಅನ್ನುತ್ತೇವೆ. ಅದನ್ನೇ ಹೊರದೇಶದವರಿಗೆ ಡ್ರಾಯಿಂಗ್ ಬಗ್ಗೆ ಬರೆದರೆ, ಅವರ ಡ್ರಾಯಿಂಗ್ ಸರಿ ಇದೆಯೋ ಇಲ್ಲವೋ ಅಂತ ನಮಗೆ ಅನುಮಾನ ಅನ್ನುವ ಅರ್ಥ ಬರುತ್ತದೆ. ಅಲ್ಲಿ ಕ್ವೆಶ್ಚನ್ ಅನ್ನಿ.

ಬೆಳಗಾವಿಯವರಿಗೆ ಇನ್ನೊಂದು ತೊಡಕಿದೆ. ನಮ್ಮ ಸುತ್ತ ಮರಾಠಿಯೂ ಇದೆ. ಮರಾಠಿಯ ‘ಪರ್ಯಂತ’ ಎರಡು ಕೆಲಸ ಮಾಡುತ್ತದೆ: ಶುಕ್ರವಾರದ ತನಕ, ಶುಕ್ರವಾರದೊಳಗೆ, ಎರಡಕ್ಕೂ ಅದೇ ಮಾತು. ಅದೇ ರೂಢಿಯಲ್ಲಿ ನಮ್ಮವರು ‘ವಿಲ್ ಸೆಂಡ್ ಟಿಲ್ ಫ್ರೈಡೇ’ ಅಂತ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಅದು ಶುಕ್ರವಾರದವರೆಗೂ ಕಳಿಸುತ್ತಲೇ ಇರುತ್ತೇವೆ ಅಂತ ಆಗುತ್ತದೆ. ಒಳಗೆ ಅನ್ನುವುದಕ್ಕೆ ‘ಬೈ ಫ್ರೈಡೇ’. ಕನ್ನಡದಲ್ಲಿ ‘ವರೆಗೆ’ ಬೇರೆ, ‘ಒಳಗೆ’ ಬೇರೆ ಇರುವುದರಿಂದ, ಮೊದಲು ಕನ್ನಡದಲ್ಲಿ ಹೇಳಿಕೊಂಡರೆ ಸರಿಯಾದ ಪದ ತಾನಾಗಿ ಬರುತ್ತದೆ.

ನೀವು ಕೇಳಿದ್ದ ಎನ್ಶೂರ್, ಅಶೂರ್, ಇನ್ಶೂರ್ ಬಗ್ಗೆಯೂ ಹೇಳಿಬಿಡುತ್ತೇನೆ. ಕೆಲಸ ಆಗುವ ಹಾಗೆ ನೋಡಿಕೊಂಡರೆ ಎನ್ಶೂರ್. ಮನುಷ್ಯರಿಗೆ ಭರವಸೆ ಕೊಟ್ಟರೆ ಅಶೂರ್. ವಿಮೆ ಮಾಡಿಸಿದರೆ ಇನ್ಶೂರ್, ಅಮೆರಿಕದವರು ಕೆಲವೊಮ್ಮೆ ಎನ್ಶೂರ್ ಜಾಗದಲ್ಲೂ ಅದನ್ನೇ ಬಳಸುತ್ತಾರೆ. ಪದದ ಮುಂದೆ ಏನು ಬರುತ್ತದೆ ಅಂತ ನೋಡಿದರೆ ಸಾಕು. ನಮ್ಮ ಮನೆಗಳಲ್ಲಿ ಜೋಳದ ರೊಟ್ಟಿ ಬಡಿಯುತ್ತಾರೆ, ಚಪಾತಿ ಲಟ್ಟಿಸುತ್ತಾರೆ. ಅದನ್ನು ಯಾರೂ ಪಟ್ಟಿ ಮಾಡಿ ಕಲಿತಿಲ್ಲ, ಜೊತೆಗೇ ಕೇಳಿ ಕೇಳಿ ಕಲಿತಿದ್ದು. ಇಂಗ್ಲಿಷ್ ಪದವನ್ನೂ ಅದರ ಜೊತೆಯವರ ಸಮೇತ ಕಲಿಯಿರಿ. ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟಿನಲ್ಲಿ ಉದಾಹರಣೆ ವಾಕ್ಯಗಳಿರುತ್ತವೆ. ಅರ್ಥ ಬಿಟ್ಟರೂ ಪರವಾಗಿಲ್ಲ, ಆ ವಾಕ್ಯಗಳನ್ನು ಓದಿ.

ಆದರೆ ಕ್ವಾಲಿಟಿ ಕೆಲಸಕ್ಕೆ ನಿಘಂಟೂ ಸಾಲದು. ಶಲ್ ಮತ್ತು ಶುಡ್ ಎರಡಕ್ಕೂ ನಾವು ಶಾಲೆಯಲ್ಲಿ ‘ಬೇಕು’ ಅಂತ ಕಲಿತೆವು. ಸ್ಟ್ಯಾಂಡರ್ಡ್‌ಗಳಲ್ಲಿ ಶಲ್ ಅಂದರೆ ಮಾಡಲೇಬೇಕು, ಶುಡ್ ಅಂದರೆ ಮಾಡಿದರೆ ಒಳ್ಳೆಯದು. ಅಲವೆನ್ಸ್ ಅಂದರೆ ಮಶಿನಿಂಗ್‌ಗೆ ಅಂತ ನಾವೇ ಬೇಕೆಂದು ಬಿಡುವ ಹೆಚ್ಚಿನ ಲೋಹ, ಟಾಲರೆನ್ಸ್ ಅಂದರೆ ಅಳತೆ ಎಷ್ಟು ಆಚೀಚೆ ಆದರೂ ನಡೆಯುತ್ತದೆ ಅನ್ನುವ ಮಿತಿ. ಕರೆಕ್ಷನ್ ಅಂದರೆ ಫಿನ್ ತೆಗೆಯುವುದು. ಕರೆಕ್ಟಿವ್ ಆಕ್ಷನ್ ಅಂದರೆ ಫಿನ್ ಮತ್ತೆ ಬರದ ಹಾಗೆ ಕೋರ್ ತಯಾರಿಸುವ ಅಚ್ಚು, ಅಂದರೆ ಕೋರ್ ಬಾಕ್ಸ್, ಸರಿ ಮಾಡುವುದು. ಗ್ರಾಹಕರ ದೂರಿಗೆ ಎಂಟು ಹಂತಗಳಲ್ಲಿ ಉತ್ತರ ಕೊಡುವ 8ಡಿ ರಿಪೋರ್ಟಿನಲ್ಲಿ ಈ ಎರಡನ್ನು ಅದಲುಬದಲು ಮಾಡಿದರೆ ರಿಪೋರ್ಟ್ ವಾಪಸ್ ಬರುತ್ತದೆ. ಡಿಫೆಕ್ಟ್ ಅನ್ನುವ ಪದವನ್ನಂತೂ ಸುಮ್ನೆ ಬಳಸಲೇಬೇಡಿ. ಅದಕ್ಕೂ, ಕೇಳಿದ ಷರತ್ತಿಗೆ ಹೊಂದಿಲ್ಲ ಅನ್ನುವ ನಾನ್‌ಕನ್‌ಫರ್ಮಿಟಿಗೂ ಇರುವ ವ್ಯತ್ಯಾಸ ಕಾನೂನಿನವರೆಗೆ ಹೋಗುತ್ತದೆ ಅಂತ ಐಎಸ್‌ಒ 9000 ಸ್ಪಷ್ಟವಾಗಿ ಎಚ್ಚರಿಸುತ್ತದೆ.

ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಕಟ್ಟಬೇಕಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಈಗ ಬೇಡ. ನಾಳೆ ನಿಮ್ಮ ಕ್ವಾಲಿಟಿ ಹೆಡ್ ಹತ್ತಿರ ಹೋಗಿ ಐಎಸ್‌ಒ 9000 ಪ್ರತಿ ಕೇಳಿ. ಅವರು ಗೋಡೆಯ ಮೇಲಿನ ಸರ್ಟಿಫಿಕೇಟ್ ತೋರಿಸಿದರೆ, ಅದು 9001, ಅದರಲ್ಲಿರುವುದು ಏನೇನು ಮಾಡಬೇಕು ಅನ್ನುವ ಷರತ್ತುಗಳು, ನನಗೆ ಪದಗಳ ಅರ್ಥ ಇರುವ 9000 ಬೇಕು ಅಂತ ಹೇಳಿ. ಸಿಕ್ಕ ಮೇಲೆ ಮೂರನೇ ಭಾಗದಿಂದ ಓದಲು ಶುರು ಮಾಡಿ, ಅರ್ಥವಾಗದ ಜೋಡಿ ಸಿಕ್ಕರೆ ಇಲ್ಲೇ ಕೆಳಗೆ ಬರೆಯಿರಿ.