ಯೂಸ್‌ನೆಟ್ ಚರ್ಚಾಜಾಲ ಏಕೆ ಕ್ಷೀಣಿಸಿತು?

ಸಾಮಾಜಿಕ ಜಾಲತಾಣಗಳೇ ಯೂಸ್‌ನೆಟ್ ಅನ್ನು ನುಂಗಿದವು ಎನ್ನುವುದು ವಾಡಿಕೆಯ ಉತ್ತರ. ಆದರೆ ಅದರ ಬೇರು ಸಡಿಲವಾದದ್ದು ಫೇಸ್‌ಬುಕ್ ಹುಟ್ಟುವುದಕ್ಕೆ ಹತ್ತು ವರ್ಷ ಮೊದಲೇ. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ರೂಪಿಸಿದ ಈ ಜಾಲಕ್ಕೆ ಒಡೆಯನೇ ಇರಲಿಲ್ಲ: ಒಂದು ಸರ್ವರ್‌ಗೆ ಬಂದ ಬರಹದ ಪ್ರತಿ ನೆರೆಯ ಸರ್ವರ್‌ಗಳಿಗೆ ಸಾಗುತ್ತ ಎಲ್ಲೆಡೆ ಹರಡುತ್ತಿತ್ತು. ಹೊಸಬರು ಹೆಚ್ಚಾಗಿ ಕಾಲೇಜು ತೆರೆಯುವ ಸೆಪ್ಟೆಂಬರ್‌ನಲ್ಲಿ ಬರುತ್ತಿದ್ದುದರಿಂದ ಅವರಿಗೆ ರೀತಿನೀತಿ ಕಲಿಸಲು ಹಳಬರಿಗೆ ಬಿಡುವಿರುತ್ತಿತ್ತು. 1993-94ರ ಸುಮಾರಿಗೆ ಎಒಎಲ್‌ನಂತಹ ಇಂಟರ್ನೆಟ್ ಸಂಪರ್ಕ ಕೊಡುವ ಕಂಪನಿಗಳ ಗ್ರಾಹಕರು ವರ್ಷವಿಡೀ ನುಗ್ಗತೊಡಗಿದಾಗ ಆ ಕ್ರಮ ಕುಸಿಯಿತು. 1994ರ ಏಪ್ರಿಲ್‌ನಲ್ಲಿ ಇಬ್ಬರು ವಕೀಲರು ಗ್ರೀನ್ ಕಾರ್ಡ್ (ಅಮೆರಿಕದಲ್ಲಿ ಕಾಯಂ ನೆಲೆಸುವ ಪರವಾನಗಿ) ಲಾಟರಿಯ ಜಾಹೀರಾತನ್ನು ಯೂಸ್‌ನೆಟ್‌ನ ಸಾವಿರಾರು ವಿಷಯವಾರು ಚರ್ಚಾಗುಂಪುಗಳಿಗೆ ಸುರಿದಾಗ, ಅಂಥವರನ್ನು ತಡೆಯುವ ಅಧಿಕಾರ ಯಾರ ಕೈಯಲ್ಲೂ ಇಲ್ಲವೆಂಬುದು ಬಯಲಾಯಿತು. ಸ್ವಾತಂತ್ರ್ಯವೆಂದು ಮೆಚ್ಚಿಕೊಂಡದ್ದೇ ಮುಳುವಾಯಿತು ಎಂದು ನನಗನ್ನಿಸುತ್ತದೆ.

ಇದರ ಜೊತೆಗೆ, ಚರ್ಚೆಗೆಂದು ಹುಟ್ಟಿದ ಜಾಲದಲ್ಲಿ ಚಿತ್ರ, ಸಿನಿಮಾ, ಸಾಫ್ಟ್‌ವೇರ್ ಕಡತಗಳೇ (ಕದ್ದವೇ ಬಹಳ) ತುಂಬಿಕೊಂಡು ಸರ್ವರ್ ನಡೆಸುವ ಖರ್ಚು ಏರಿತು. 2008ರಲ್ಲಿ ಮಕ್ಕಳ ಅಶ್ಲೀಲ ಚಿತ್ರಗಳ ವಿರುದ್ಧ ನ್ಯೂಯಾರ್ಕ್‌ನ ಅಟಾರ್ನಿ ಜನರಲ್ ಕ್ರಮಕ್ಕಿಳಿದಾಗ ಇಂಟರ್ನೆಟ್ ಕಂಪನಿ ಟೈಮ್ ವಾರ್ನರ್ ಕೇಬಲ್ ತನ್ನ ಗ್ರಾಹಕರಿಗೆ ಯೂಸ್‌ನೆಟ್ ಸೇವೆಯನ್ನೇ ನಿಲ್ಲಿಸಿತು. ಡ್ಯೂಕ್ ತನ್ನ ಸರ್ವರನ್ನು 2010ರಲ್ಲಿ ಮುಚ್ಚಿತು. 2024ರ ಫೆಬ್ರುವರಿಯಲ್ಲಿ ಗೂಗಲ್‌ನ ಚರ್ಚಾತಾಣವಾದ ಗೂಗಲ್ ಗ್ರೂಪ್ಸ್ ಕೂಡ ಯೂಸ್‌ನೆಟ್‌ನ ಹೊಸ ಬರಹಗಳನ್ನು ಸ್ವೀಕರಿಸುವುದನ್ನು ಬಿಟ್ಟು, ಹಳೆಯ ಬರಹಗಳನ್ನಷ್ಟೇ ಓದಲು ಉಳಿಸಿಕೊಂಡಿತು.