46ನೇ ವಯಸ್ಸಿಗೆ ಜಿಯು-ಜಿಟ್ಸು ಬಿಡಬೇಕಾ?

ಬಿಡಬೇಡಿ ಸರ್. ಹುಬ್ಬಳ್ಳಿ ವಿದ್ಯಾನಗರದಲ್ಲಿ ಬ್ರೆಜಿಲಿಯನ್ ಜಿಯು-ಜಿಟ್ಸು (ನೆಲದ ಮೇಲೆ ಪಟ್ಟು ಹಾಕಿ ಎದುರಾಳಿಯನ್ನು ಸೋಲೊಪ್ಪಿಸುವ, ಕುಸ್ತಿಯಂಥ ಆಟ) ಕಲಿಯುತ್ತಿದ್ದೀನಿ, ಜೊತೆಗಿರೋರೆಲ್ಲ ಕಾಲೇಜು ಹುಡುಗರು, ಮೊಣಕಾಲು, ಕುತ್ತಿಗೆ ನೋಯ್ತಾವೆ ಅಂದಿದ್ದೀರಿ. ನಾನು ಧಾರವಾಡದವನು, ಐವತ್ತು ದಾಟಿದೆ, ಈಗಲೂ ಮ್ಯಾಟ್ ಮೇಲಿದ್ದೇನೆ. ನಿಮ್ಮ ವಯಸ್ಸಿನವರು ಮೊದಲು ಬದಲಿಸಬೇಕಾದದ್ದು ಟ್ಯಾಪ್ ಮಾಡುವ, ಅಂದರೆ ಸೋತೆ ಅಂತ ಕೈ ತಟ್ಟಿ ಬಿಡಿಸಿಕೊಳ್ಳುವ ಹೊತ್ತು.

ಆರ್ಮ್‌ಬಾರ್ ಅನ್ನೋ ಕೈ ಪಟ್ಟು ಬಿಗಿಯಾದಾಗ ಸಾಮಾನ್ಯವಾಗಿ ಮೊಣಕೈ ಮೊದಲೇ ನೋಯುತ್ತದೆ, ಬಿಡಿಸಿಕೊಳ್ಳಲು ವ್ಯವಧಾನ ಸಿಗುತ್ತದೆ. ಹೀಲ್ ಹುಕ್ ಹಾಗಲ್ಲ. ಎದುರಾಳಿಗಳು ಹಿಡಿಯೋದು ಹಿಮ್ಮಡಿ, ತಿರುಚೋದು ನಿಮ್ಮ ಮೊಣಕಾಲು. ನೋವು ಗೊತ್ತಾಗುವಷ್ಟರಲ್ಲಿ ಲಿಗಮೆಂಟ್ ಹರಿದಿರಬಹುದು. ಆದ್ದರಿಂದ ಹಿಮ್ಮಡಿ ಅವರ ಮೊಣಕೈ ಸಂದಿಗೆ ಸಿಕ್ಕಿತು ಅನ್ನಿಸಿದ ಕೂಡಲೇ ಟ್ಯಾಪ್ ಮಾಡಿ. ಕೈ ಸಿಕ್ಕಿಬಿದ್ದಿದ್ದರೆ ಬಾಯಲ್ಲೇ ‘ಟ್ಯಾಪ್’ ಅನ್ನಿ. ರೋಲ್, ಅಂದರೆ ಅಭ್ಯಾಸದ ಸೆಣಸಾಟ, ಶುರುವಾಗೋ ಮೊದಲೇ ‘ಕಾಲಿನ ಪಟ್ಟು ಬೇಡ’ ಅಂತ ಹೇಳಿಬಿಟ್ಟರೆ ಇನ್ನೂ ಒಳ್ಳೆಯದು.

ಜೊತೆಗಾರರನ್ನು ನೀವೇ ಆರಿಸಿಕೊಳ್ಳಿ. “ತಮ್ಮಾ, ಇವತ್ತ ನಿನ್ನ ಕೂಡ ಬ್ಯಾಡ, ಮೊಣಕಾಲು ಸರಿ ಇಲ್ಲ” ಅಂತ ನಾನು ಎಷ್ಟೋ ಸಲ ಹೇಳುತ್ತೇನೆ, ಯಾವ ಹುಡುಗನೂ ಬೇಜಾರು ಮಾಡಿಕೊಂಡಿಲ್ಲ. ನಮ್ಮ ಕಡೆ ಗರಡಿ ಮನಿಯಲ್ಲಿ ವಯಸ್ಸಾದ ಪೈಲ್ವಾನರು ಹುಡುಗರಿಗೆ ಪಟ್ಟು ತೋರಿಸುತ್ತಾರೆ, ಜಂಗೀ ಕುಸ್ತಿ ಹಿಡಿಯೋದಿಲ್ಲ. ಅದಕ್ಕೆ ಅವರ ಮರ್ಯಾದೆ ಏನೂ ಕಡಿಮೆಯಾಗಿಲ್ಲ. ನನಗೆ ಹೆಚ್ಚು ಭಯ ಇರೋದು ಹೊಸದಾಗಿ ಸೇರಿದ ಗಟ್ಟಿ ಹುಡುಗರದ್ದು. ಹಳೇ ಬೆಲ್ಟಿನವರಿಗೆ ಎಲ್ಲಿ ಬಿಡಬೇಕು ಅನ್ನೋದು ಗೊತ್ತಿರುತ್ತದೆ.

ಆಟದ ಶೈಲಿಯನ್ನೂ ದೇಹಕ್ಕೆ ತಕ್ಕಂತೆ ಕಟ್ಟಿಕೊಳ್ಳಬಹುದು. ಬ್ರೆಜಿಲಿನ ರೊಬೆರ್ಟೊ ಕೊರಿಯಾ, ಎಲ್ಲರೂ ಗೋರ್ಡೋ ಅಂತ ಕರೆಯೋರು, ಮೊಣಕಾಲಿಗೆ ಪೆಟ್ಟಾದಾಗ, ಕೆಳಗಿದ್ದು ಎದುರಾಳಿಯ ಒಂದು ಕಾಲನ್ನು ತಮ್ಮ ಕಾಲುಗಳ ನಡುವೆ ಹಿಡಿದಿಡುವ ಹಾಫ್ ಗಾರ್ಡ್‌ನಲ್ಲೇ ಅಭ್ಯಾಸ ಮಾಡಿದರು. ಅದುವರೆಗೆ ಬರೀ ತಪ್ಪಿಸಿಕೊಳ್ಳಲು ಬಳಸುತ್ತಿದ್ದ ಆ ಸ್ಥಿತಿಯಿಂದಲೇ ದಾಳಿ ಮಾಡಬಹುದು ಅಂತ ತೋರಿಸಿದರು. ನಿಮಗೂ ಹಾಫ್ ಗಾರ್ಡ್, ಮೇಲಿಂದ ನಿಧಾನವಾಗಿ ಭಾರ ಹಾಕೋದು ಸಾಕು. ಕುತ್ತಿಗೆ ಮೇಲೆ ತಿರುಗುವ ಬೆರಿಂಬೊಲೊ ಹುಡುಗರಿಗಿರಲಿ.

ವಾರಕ್ಕೆ ಎರಡು ದಿನ ಮ್ಯಾಟ್ ಸಾಕು, ನಡುವೆ ಒಂದು ದಿನ ಉಣಕಲ್ ಕೆರೆ ಸುತ್ತ ನಡೆಯಿರಿ, ಇನ್ನೊಂದು ದಿನ ಕಾಲಿಗೆ, ಬೆನ್ನಿಗೆ ಹಗುರ ತೂಕದ ವ್ಯಾಯಾಮ. ಮುಗಿದ ಕೂಡಲೇ ಸ್ನಾನ, ಪ್ರತಿ ಸಲ ಒಗೆದ ಗೀ (ಅಭ್ಯಾಸದ ದಿರಿಸು). ಮ್ಯಾಟಿನಿಂದ ಗಜಕರ್ಣ ಹತ್ತಿದರೆ ಹೋಗೋದು ತಡ.

ಸ್ಪರ್ಧೆಯ ಆಸೆ ಇದ್ದರೆ ಅದಕ್ಕೂ ದಾರಿ ಇದೆ. ಅಂತರರಾಷ್ಟ್ರೀಯ ಫೆಡರೇಶನ್ ನಿಯಮದಲ್ಲಿ 30ರಿಂದ ಮಾಸ್ಟರ್ ವಿಭಾಗಗಳು ಶುರು. ನಿಮ್ಮದು ಮಾಸ್ಟರ್ 4, ಅಂದರೆ ಎದುರಿಗೆ ನಿಮ್ಮ ವಯಸ್ಸಿನವರೇ ಇರುತ್ತಾರೆ.

ಕುತ್ತಿಗೆ ನೋವಿನ ಜೊತೆ ಕೈಬೆರಳು ಜೋಮು ಹಿಡಿಯುತ್ತಿದ್ದರೆ ಮಾತ್ರ ಮೊದಲು ಎಲುಬಿನ ಡಾಕ್ಟರಿಗೆ ತೋರಿಸಿ. ಅವರು ಹೂಂ ಅನ್ನೋವರೆಗೆ ರೋಲ್ ಬೇಡ.